ಶಿವದಾರದ ಅಳತೆ

ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ — ತಣ್ಣನೆಯ ಹಲಗೆ ವರ್ಷಿಣಿಯ ಎದೆಗೆ ಒತ್ತುತ್ತದೆ, ಗಾಜಿನಾಚೆಯಿಂದ ಎಕ್ಸ್‌ರೇ ತೆಗೆಯುವ ಆಸ್ಫಿಯಾಳ ದನಿ, ಹಿಡಿದ ಉಸಿರಿನಲ್ಲಿ ಕೊಬ್ಬರಿಯ ವಾಸನೆ, ತಿಪಟೂರಿನ ಗಾಳಿಯಲ್ಲಿ ಅದಿಲ್ಲದ ದಿನ ಯಾವುದು, ಅಟ್ಟದಲ್ಲೂ ಅದೇ ವಾಸನೆ, ಒಣಗುವ ಕಾಯಿಗಳ ಪಕ್ಕದಲ್ಲಿ ತಾತನ ಹಾಸಿಗೆ, ಅವಳಿಗಾಗ ಆರು ವರ್ಷ, ಕೊಬ್ಬರಿ ಧೂಳಿಗೆ ಕೆಮ್ಮು ಕಣವ್ವ ಅನ್ನುತ್ತಿದ್ದ ತಾತ, ಟಿ.ಬಿ. ಎಂದು ಗೊತ್ತಾಗುವ ಹೊತ್ತಿಗೆ ಅವಳು ಮೂರು ತಿಂಗಳು ಅವನ ತಟ್ಟೆಯಲ್ಲೇ ಮುದ್ದೆ ಮುರಿದಿದ್ದಳು, ಅವನ ಪಕ್ಕದಲ್ಲೇ ಮಲಗಿದ್ದಳು, ಆಮೇಲೆ ಅವನು ದಿನಾ, ಕಾಯಿಯನ್ನು ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಕೇಳಿಸಿಕೊಳ್ಳುವವನ ಹಾಗೆ, ಅವಳ ಬೆನ್ನಿಗೆ ಕಿವಿಯಿಟ್ಟು, ಎಳ್ಕೋ ಮಗಾ, ಹಿಡ್ಕೋ, ಏನೂ ಇಲ್ಲ ಬುಡು — ಆಯ್ತು, ಉಸಿರು ಬಿಡಿ.

ಬಿಟ್ಟಳು, ಲೀಡ್ಸ್‌ನ ಹಾಲು ಪರೀಕ್ಷಿಸುವ ಲ್ಯಾಬಿನಿಂದ ಕೆಲಸದ ಪತ್ರ ಬಂದಿದೆ, ಇಂಗ್ಲಿಷ್ ಪರೀಕ್ಷೆ ಮುಗಿದಿದೆ, ವೀಸಾಗೆ ಉಳಿದಿರುವುದು ಟಿ.ಬಿ. ಇಲ್ಲವೆಂಬ ಸರ್ಟಿಫಿಕೇಟು, ಅದನ್ನು ಕೊಡುವವರು ಬೆಂಗಳೂರಿನಲ್ಲಿ, ಆದರೆ ತಾತ, ಅಲ್ಲಿ ಹೋಗಿ ಬೇಡ ಅನ್ನಿಸ್ಕೊಳ್ಳೋಕೆ ಮುಂಚೆ ಇಲ್ಲೇ ಒಂದ್ಸಾರಿ ನೋಡ್ಸಾಣ, ನಂದೇನಾದ್ರೂ ನಿನ್ನೊಳಗೆ ಉಳ್ಕಂಡಿದ್ರೆ — ಅಂದವನು ಈಗ ಹೊರಗೆ ಬೆಂಚಿನ ಮೇಲೆ ಟವೆಲ್ಲಿನ ತುದಿಯನ್ನು ಬಾಯಿಗಿಟ್ಟು ಕೂತಿದ್ದಾನೆ, ವಾಸಿಯಾಗಿ ಹದಿನಾರು ವರ್ಷವಾದರೂ ಅವಳ ಮುಂದೆ ಆ ಟವೆಲ್ಲು ಇಳಿದಿಲ್ಲ, ಎಂ.ಎಸ್ಸಿ.ಯಲ್ಲಿ ಸೂಕ್ಷ್ಮದರ್ಶಕದಡಿ ಆ ರೋಗದ ಕ್ರಿಮಿಗಳನ್ನು ನೋಡಿದ್ದಳು, ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು, ದಶಕಗಟ್ಟಲೆ ಸುಮ್ಮನೆ ಮಲಗಿರಬಲ್ಲವು ಎಂದು ನೋಟ್ಸಿನಲ್ಲಿ ಬರೆದು ಅಡಿಗೆರೆ ಎಳೆದಿದ್ದಳು — ಅಕ್ಕ, ಸ್ವಲ್ಪ ಬನ್ನಿ ಇಲ್ಲಿ, ಆಸ್ಫಿಯಾ ಕರೆಯುತ್ತಿದ್ದಾಳೆ, ಪರದೆಯ ಮೇಲೆ ಪಕ್ಕೆಲುಬುಗಳ ನಡುವೆ, ಹೃದಯದ ಅಂಚಿಗೆ, ಬೆಳ್ಳನೆಯದೊಂದು, ಕೋಳಿಮೊಟ್ಟೆಯಷ್ಟು, ಹಾಗಾದರೆ ಮಲಗಿತ್ತು, ಇಷ್ಟು ದಿನ ಮಲಗಿತ್ತು, ಲೀಡ್ಸ್ ಹೋದರೆ ಹೋಗಲಿ, ತಾತನಿಗೆ ಹೇಗೆ ಹೇಳುವುದು, ಹೇಳಿದರೆ ಅವನು ಬದುಕುವುದಿಲ್ಲ, ಆದರೆ ಅಂಚು ಯಾಕೆ ಇಷ್ಟು ನುಣುಪು, ರೋಗ ಇಷ್ಟು ಅಚ್ಚುಕಟ್ಟಾಗಿ ಬೆಳೆಯುತ್ತದೆಯೇ — ಕೊರಳಲ್ಲೇನಿದೆ ಅಕ್ಕ? ಒಡವೆ ಎಲ್ಲ ತೆಗೀರಿ ಅಂದ್ನಲ್ಲ?

ಒಡವೆ ತೆಗೆದಿದ್ದಳು, ಓಲೆ, ಸರ, ಎಲ್ಲ, ಇದು ಒಡವೆಯಲ್ಲವಲ್ಲ, ಬೆಳ್ಳಿ ಕರಡಿಗೆಯೊಳಗಿನ ಲಿಂಗ, ಹುಟ್ಟಿದಾಗಿನಿಂದ ಮೈಮೇಲಿರುವುದು, ಕೈಕಾಲಿನ ಹಾಗೆ ಅದೂ ಇದೆಯೆಂದೇ ನೆನಪಾಗಿರಲಿಲ್ಲ, ನಗು ಬಂತು, ಕಣ್ಣೀರೂ ಬಂತು, ಮೈಯಿಂದ ದೂರ ಇಡೋ ಹಾಗಿಲ್ಲ ಕಣ್ರೀ, ಅಂದಳು, ದೂರ ಯಾಕಿಡ್ತೀರಾ, ಅಂದಳು ಆಸ್ಫಿಯಾ, ಮುಷ್ಟೀಲಿ ಹಿಡ್ಕೊಂಡು ಸೊಂಟದ ಮೇಲಿಡಿ, ಅಲ್ಲೀಗಂಟ ನನ್ನ ಮಿಷನ್ ನೋಡಲ್ಲ, ಮತ್ತೆ ತಣ್ಣನೆಯ ಹಲಗೆ, ಎಳ್ಕೊಳ್ಳಿ, ಹಿಡ್ಕೊಳ್ಳಿ, ಮುಷ್ಟಿಯಲ್ಲಿ ಕರಡಿಗೆಯ ಬಿಸುಪು, ಡಾಕ್ಟರು ಒಳಬಂದು ಕನ್ನಡಕ ಏರಿಸಿ ನೋಡಿದರು, ಕ್ಲೀನಾಗಿದೆ ಕಣಮ್ಮ, ಒಂದು ಚುಕ್ಕೆಯೂ ಇಲ್ಲ.

ಆ ಮೊದಲನೆಯ ಫಿಲ್ಮನ್ನೂ ಕೊಡಿ, ಅಂದಳು, ಯಾಕೆಂದು ಅವಳಿಗೇ ಗೊತ್ತಿಲ್ಲ, ಹೊರಗೆ ತಾತ ಎದ್ದು ನಿಂತಿದ್ದಾನೆ, ಏನಂತೆ ಮಗಾ, ಏನೂ ಇಲ್ವಂತೆ ತಾತ, ನೋಡು, ಕಿಟಕಿಯ ಬೆಳಕಿಗೆ ಹಿಡಿದಳು, ತಾತನ ಮುಖ ಬಿಳಿಚಿಕೊಂಡಿತು, ಅಯ್ಯೋ, ಅವಸರದಲ್ಲಿ ಎತ್ತಿದ್ದು ಮೊದಲನೆಯದು, ಅಲ್ಲ ತಾತ, ಅದು ಕರಡಿಗೆ ಕಣೋ, ತೆಗೆಯೋದು ಮರ್ತಿದ್ದೆ, ಇನ್ನೊಂದ್ನ ನೋಡು, ಅವನು ಇನ್ನೊಂದನ್ನು ನೋಡಿದ, ಬಹಳ ಹೊತ್ತು ನೋಡಿದ, ಮತ್ತೆ ಮೊದಲನೆಯದನ್ನೇ ಕೇಳಿ ಇಸಕೊಂಡ, ಅವಳ ಕರಡಿಗೆ ತೂಗುವ ಶಿವದಾರ ಬದಲಿಸುತ್ತಿದ್ದವನು ಅವನೇ, ಪ್ರತಿ ವರ್ಷ ದಾರ ಅಳೆದು, ಗುಂಡಿಗೆ ತಾವ್ಕೇ ಬರ್ಬೇಕು, ಕೆಳಕ್ಕೆ ಜಾರ್ಬಾರ್ದು, ಅನ್ನುತ್ತಿದ್ದ, ಸರಿಗಿದೆ ಕಣವ್ವ ಅಳತೆ, ಅಂದ ಈಗ, ನಕ್ಕ, ಟವೆಲ್ಲು ಹೆಗಲಿಗೆ ಜಾರಿದೆ, ಅವನಿಗೆ ಗೊತ್ತೇ ಇಲ್ಲ, ಅವನ ಇಡೀ ನಗು ಹೀಗಿರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ, ಬೆಂಗಳೂರಿನಲ್ಲಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿಯಬೇಕು, ಮರೆಯಬಾರದು, ಪಾಸ್‌ಪೋರ್ಟಿನ ಜೊತೆ ಈ ಫಿಲ್ಮು, ಮಡಿಸದೆ, ಹೇಗೆ ಒಯ್ಯುವುದು, ತಾತನ ಬೆರಳು ಅದರ ಮೇಲೆ ನಿಂತಿದೆ, ಬೆರಳಿನ ಕೆಳಗೆ, ಪಕ್ಕೆಲುಬುಗಳ ನಡುವೆ, ಬೆಳ್ಳನೆಯದೊಂದು, ಕೋಳಿಮೊಟ್ಟೆಯಷ್ಟು —