ಕುಕ್ಕೆಯಲ್ಲಿ ಬಂದ ಭೂಗೋಳ

ಚಿಕ್ಕಬೀರಮ್ಮ ಶಾಲೆಯೊಳಗೆ ಕುಕ್ಕೆ ಇಳಿಸಿ, ತಲೆಯ ಮೇಲಿನ ಸಿಂಬಿ ಬಟ್ಟೆ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡಳು. ಕುಕ್ಕೆಯೊಳಗೆ ಹುಲ್ಲಿನ ಮೇಲೆ ಗ್ಲೋಬು ಕೂತಿತ್ತು. ಪಕ್ಕದಲ್ಲಿ ಸುರುಳಿ ಸುತ್ತಿದ ನಾಲ್ಕು ಭೂಪಟಗಳಿದ್ದವು.

"ಬಿರ್ರನೆ ನೇತಾಕಿ ಮೇಷ್ಟ್ರೆ. ಇನ್ಸ್‌ಪೆಟ್ರ ಗಾಡಿ ಕೆರೆ ಏರಿ ಮ್ಯಾಲೆ ಬತ್ತಾ ಅದೆ," ಎಂದಳು.

ಮೇಷ್ಟ್ರು ಮರಿಯಯ್ಯ ಗ್ಲೋಬನ್ನು ಎತ್ತಿ ಮೇಜಿನ ಮೇಲಿಟ್ಟ. ಭೂಪಟಗಳನ್ನು ಸಿಟ್ಟಿನಿಂದ ಒಂದೊಂದಾಗಿ ಮೊಳೆಗೆ ಸಿಕ್ಕಿಸಿದ.

ಸುತ್ತಲಿನ ಎಂಟು ಹಳ್ಳಿ ಶಾಲೆಗಳಿಗೆ ಇದ್ದದ್ದು ಇದೊಂದೇ ಗ್ಲೋಬು. ವರ್ಷವೆಲ್ಲ ಅದು ದೊಡ್ಡ ಶಾಲೆಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತಿತ್ತು. ತಪಾಸಣೆಯ ವಾರ ಬಂತೆಂದರೆ ಅಲ್ಲಿನ ಹೆಡ್ ಮೇಷ್ಟ್ರು ಮಹದೇವಪ್ಪನವರು ಅದನ್ನು ಕಸ ಗುಡಿಸುವ ಚಿಕ್ಕಬೀರಮ್ಮನ ತಲೆಗೆ ಹೊರಿಸಿ ಕಳಿಸುತ್ತಿದ್ದರು. ಇನ್‌ಸ್ಪೆಕ್ಟರ ಗಾಡಿ ರಸ್ತೆಯಲ್ಲಿ ಸುತ್ತಿ ಬರುವಷ್ಟರಲ್ಲಿ ಕುಕ್ಕೆ ಗದ್ದೆಯ ಬದುವಿನ ಮೇಲೆ ನಡೆದು ಮುಂದಿನ ಶಾಲೆ ಸೇರುತ್ತಿತ್ತು. ಎಂಟು ಶಾಲೆಯಲ್ಲೂ ಅದೇ ಗ್ಲೋಬು, ಎಂಟು ಶಾಲೆಯ ತಪಾಸಣೆ ಪುಸ್ತಕದಲ್ಲೂ 'ಉಪಕರಣಗಳು ಸಾಕಷ್ಟಿವೆ' ಎಂಬ ಅದೇ ಷರಾ. ಬಡ ಮೇಷ್ಟ್ರುಗಳ ಮಾನ ಕಾಯುವ ಉಪಕಾರ ಇದು ಎಂದು ಮಹದೇವಪ್ಪನವರು ಮನಸಾರೆ ನಂಬಿದ್ದರು. ಮರಿಯಯ್ಯನೂ ಆರು ವರ್ಷ ಹಾಗೆಯೇ ನಂಬಿ ಅವರಿಗೆ ಕೈಮುಗಿದಿದ್ದ.

ಅಂಥ ಉಪಕಾರಕ್ಕೆ ಬೆಂಕಿ ಬೀಳಲಿ ಎಂದು ಅವನಿಗೆ ಅನ್ನಿಸಿದ್ದು ಈ ವರ್ಷ, ಪುಟ್ಟಮಲ್ಲಮ್ಮನ ಮನೆಗೆ ಬಂದ ಕಾಗದದಿಂದ.

ಪುಟ್ಟಮಲ್ಲಮ್ಮನ ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದ. ಅವನಿಂದ ಕಾಗದ ಬಂದಾಗ ಅದನ್ನು ಓದಿಸಲು ಅವಳು ಊರಲ್ಲಿ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಮೂರನೆಯ ತರಗತಿಯಲ್ಲಿ ಓದುವ ಮಗಳು ಚೆಲುವಮ್ಮ ಮನೆಯಲ್ಲೇ ಇದ್ದಾಳಲ್ಲ ಎಂಬ ಹೆಮ್ಮೆ. ಚೆಲುವಿ ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಓದುವ ಹಾಗೆಯೇ ಗಟ್ಟಿಯಾಗಿ ಓದಿದಳು. "ಹಸು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ನಮಗೆ ಹಾಲು ಕೊಡುತ್ತದೆ." ಅವಳು ಸುಳ್ಳು ಹೇಳಲಿಲ್ಲ. ಬರೆದದ್ದನ್ನು ಮುಂದೆ ಹಿಡಿದು ಪಾಠ ಒಪ್ಪಿಸುವುದಕ್ಕೇ ಓದುವುದು ಎನ್ನುತ್ತಾರೆಂದು ಮೂರು ವರ್ಷದಿಂದ ಅವಳು ಕಲಿತಿದ್ದಳು. ಕಲಿಸಿದವನು ಮರಿಯಯ್ಯ.

ಗಂಡ ಹಸು ಕೊಂಡಿದ್ದಾನೆಂದು ಪುಟ್ಟಮಲ್ಲಮ್ಮ ಕೊಟ್ಟಿಗೆ ಗುಡಿಸಿ, ಹೊಸ ಗೂಟ ನೆಡಿಸಿ ಕಾದಳು. ಒಂಬತ್ತನೆಯ ದಿನ ಶಾಲೆಗೆ ಬಂದು, "ಅಸ ಯಾವತ್ತು ಒಡಕೊಂಡ್ ಬತ್ತಾರೆ ಅಂತ ಬರ್ದವ್ರೇನೋ, ಇನ್ನೊಂದು ಕಿತ ನೋಡಿ ಮೇಷ್ಟ್ರೆ," ಎಂದು ನಗುತ್ತ ಕಾಗದ ಕೊಟ್ಟಳು. ಮರಿಯಯ್ಯ ನೋಡಿದ. ಚಳಿಜ್ವರದಲ್ಲಿ ಮಲಗಿದ್ದೇನೆ, ಏಳಲು ಆಗುತ್ತಿಲ್ಲ, ಯಾರನ್ನಾದರೂ ಕಳಿಸಿ ಕರೆಸಿಕೋ ಎಂದು ಯಾರ ಕೈಯಲ್ಲೋ ಬರೆಸಿದ್ದ. ಗಾಡಿ ಕಟ್ಟಿಕೊಂಡು ಹೋಗಿ ಕರೆತಂದರು. ತೋಟದ ಯಾವನೋ ಪುಣ್ಯಾತ್ಮ ಗಂಜಿ ಕಾಸಿ ಹಾಕಿದ್ದರಿಂದ ಜೀವವೊಂದು ಉಳಿದಿತ್ತು. ಅಂದಿನಿಂದ ಚೆಲುವಿ ಶಾಲೆಯಲ್ಲಿ ಬಾಯಿ ಬಿಟ್ಟಿಲ್ಲ. ಗೋಡೆಗೆ ಒರಗಿ ಕೂರುತ್ತಾಳೆ, ಗಂಟೆ ಹೊಡೆದರೆ ಎದ್ದು ಹೋಗುತ್ತಾಳೆ.

ತನಗೆ ಕಲಿಸಲು ಬರುವುದಿಲ್ಲವೆಂದು ಮರಿಯಯ್ಯನಿಗೆ ಮೊದಲೇ ಅನುಮಾನವಿತ್ತು. ಮೈಸೂರಿನ ತರಬೇತಿಗೆ ಕಳಿಸಿರೆಂದು ನಾಲ್ಕು ಸಲ ಅರ್ಜಿ ಹಾಕಿದ್ದ, ನಾಲ್ಕೂ ಸಲ ಇಲ್ಲವೆಂದಿದ್ದರು. ಏಕೆಂದು ತಿಳಿಯಲು ಈಗ ತಪಾಸಣೆ ಪುಸ್ತಕ ತೆಗೆದು ಹಿಂದಿನ ಷರಾಗಳನ್ನೆಲ್ಲ ಓದಿದ. 'ಉಪಕರಣಗಳು ಸಾಕಷ್ಟಿವೆ. ಬೋಧನೆ ತೃಪ್ತಿಕರ. ತರಬೇತಿಯ ಅಗತ್ಯ ಕಾಣುವುದಿಲ್ಲ.' ಆರು ವರ್ಷವೂ ಇದೇ. ಮಾನ ಉಳಿಸಿದ ಕುಕ್ಕೆಯೇ ಅವನ ದಾರಿಗೆ ಅಡ್ಡ ಕೂತಿತ್ತು. ಮೂವತ್ತು ತುಂಬಿದವರನ್ನು ತರಬೇತಿಗೆ ತೆಗೆದುಕೊಳ್ಳುವುದಿಲ್ಲ. ಬರುವ ಯುಗಾದಿಗೆ ಅವನಿಗೆ ಮೂವತ್ತು.

ಗಾಡಿ ಬಂತು. ಇನ್‌ಸ್ಪೆಕ್ಟರು ಪೇಟ ಸರಿಮಾಡಿಕೊಳ್ಳುತ್ತ ಒಳಗೆ ಬಂದರು. ಮಕ್ಕಳು ಎದ್ದು ನಿಂತು ಹಸುವಿನ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಚೆಲುವಿಯೊಬ್ಬಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಇನ್‌ಸ್ಪೆಕ್ಟರು ಭೇಷ್ ಎಂದು ಮೇಜಿನ ಹತ್ತಿರ ಬಂದರು. ಗ್ಲೋಬು ಒಂದು ಕಡೆ ನೆಗ್ಗಿತ್ತು. ಅವರು ಅದನ್ನು ನೋಡಿದರು, ಎರಡು ಬೆರಳಿನಲ್ಲಿ ನೆಗ್ಗಿದ ಭಾಗವನ್ನು ಗೋಡೆಯ ಕಡೆಗೆ ತಿರುಗಿಸಿದರು, ಆಮೇಲೆ ಕೂತು ಪುಸ್ತಕ ಬಿಡಿಸಿದರು. ನಿತ್ಯದ ಕೆಲಸದ ಹಾಗೆ ಅಷ್ಟು ಸಲೀಸಾಗಿ ಮಾಡಿದರು.

ಈ ಮನುಷ್ಯನಿಗೆ ಎಲ್ಲವೂ ಗೊತ್ತು ಎಂದು ಮರಿಯಯ್ಯನಿಗೆ ಆಗ ತಿಳಿಯಿತು. ಮೋಸಹೋಗಿದ್ದರೆ ಕ್ಷಮಿಸಬಹುದಿತ್ತು.

ಇನ್‌ಸ್ಪೆಕ್ಟರು ಮೂರು ಸಾಲು ಬರೆದು, ರುಜು ಹಾಕಿ ಎದ್ದರು. ಬಾಗಿಲಲ್ಲಿ ಕಾದಿದ್ದ ಚಿಕ್ಕಬೀರಮ್ಮ ಖಾಲಿ ಕುಕ್ಕೆ ಹಿಡಿದು ಒಳಗೆ ಕಾಲಿಟ್ಟಳು. ಮರಿಯಯ್ಯ ಹೋಗಿ ಗ್ಲೋಬಿನ ಮೇಲೆ ಕೈಯಿಟ್ಟು ನಿಂತ.

"ಕೊಡಿ ಮೇಷ್ಟ್ರೆ, ಮುಂದ್ಲೂರಿಗೆ ಒತ್ತಾಯ್ತದೆ."

"ಕೊಡಾಕಿಲ್ಲ ಕಣವ್ವ," ಎಂದ ಮರಿಯಯ್ಯ. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿದ. "ಈ ಶಾಲೆಯಲ್ಲಿ ಗ್ಲೋಬು ಇದೆ ಅಂತ ತಾವೇ ಬರೆದಿದ್ದೀರಿ ಸ್ವಾಮಿ. ರುಜು ಇನ್ನೂ ಒಣಗಿಲ್ಲ. ಶಾಲೆಯ ಸಾಮಾನನ್ನ ನಾನು ಹೊರಗೆ ಹೆಂಗೆ ಬಿಡಲಿ?"

ಇನ್‌ಸ್ಪೆಕ್ಟರು ಗಾಡಿಯವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹುಡುಗಾಟ ಆಡಬೇಡಿ. ನಾನು ಇಲ್ಲ ಅಂತ ಬರೆದರೆ ಮೈಸೂರಿಂದ ಪ್ರಶ್ನೆ ಬರುತ್ತೆ ಕಣ್ರೀ, ಗ್ಲೋಬು ಬರೋದಿಲ್ಲ. ಇಪ್ಪತ್ತು ವರ್ಷ ನೋಡಿದ್ದೀನಿ."

"ನನಗೆ ಗ್ಲೋಬು ಬೇಡ ಸ್ವಾಮಿ. ನನಗೆ ಕಲಿಸೋಕೆ ಬರೋದಿಲ್ಲ. ಅದನ್ನ ಬರೀರಿ."

ಇನ್‌ಸ್ಪೆಕ್ಟರು ಅವನ ಮುಖ ನೋಡಿದರು. ಅಂಥದ್ದು ಬರೆದರೆ ತರಬೇತಿಯೇ ಸಿಗುತ್ತದೆಂದು ಏನು ಭರವಸೆ, ಕೆಲಸವೇ ಹೋಗಬಹುದು, ಹೋದರೆ ತಾವು ಹೊಣೆಯಲ್ಲ ಎಂದರು. ಮರಿಯಯ್ಯ ಕೈ ತೆಗೆಯಲಿಲ್ಲ. ಮುಂದೆ ಇನ್ನೂ ಐದು ಶಾಲೆಗಳಿದ್ದವು. ಈ ಗ್ಲೋಬು ಇಲ್ಲಿಯೇ ಉಳಿದರೆ ಐದು ಕಡೆಯೂ ಖಾಲಿ ಮೇಜು ಕಾಣುತ್ತದೆ, ಐದಕ್ಕೂ ಮೈಸೂರಿಗೆ ಜವಾಬು ಬರೆಯಬೇಕಾಗುತ್ತದೆ. ಲೆಕ್ಕ ಹಾಕಲು ಇನ್‌ಸ್ಪೆಕ್ಟರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮತ್ತೆ ಕೂತರು. ಮೂರು ಸಾಲನ್ನೂ ಹೊಡೆದುಹಾಕಿ, ಕಾಗದ ಹರಿಯುವಷ್ಟು ಒತ್ತಿ ಬೇರೆ ಬರೆದು, ಪುಸ್ತಕವನ್ನು ಅವನ ಕಡೆ ತಳ್ಳಿದರು.

'ಅತೃಪ್ತಿಕರ. ಉಪಾಧ್ಯಾಯನು ಅಸಮರ್ಥ. ಉಪಕರಣಗಳಿಲ್ಲ. ತರಬೇತಿಯಾಗಲಿ ವಜಾ ಆಗಲಿ, ಇಲಾಖೆ ತೀರ್ಮಾನಿಸುವುದು.'

ಮರಿಯಯ್ಯ ಎರಡು ಸಲ ಓದಿದ. ಆಮೇಲೆ ಗ್ಲೋಬನ್ನು ತಾನೇ ಎತ್ತಿ ಕುಕ್ಕೆಯ ಹುಲ್ಲಿನ ಮೇಲಿಟ್ಟ, ಭೂಪಟಗಳನ್ನು ಸುತ್ತಿ ಕೊಟ್ಟ. ಚಿಕ್ಕಬೀರಮ್ಮ ಸಿಂಬಿ ಇಟ್ಟುಕೊಳ್ಳುತ್ತ, "ಬ್ಯಾರೆಯೋರು ಒಗಳಿಸ್ಕೊಳಾಕೆ ಸಾಯ್ತಾರೆ, ನೀವು ಬೈಸ್ಕೊಳಾಕೆ ಜಗಳ ಆಡ್ತೀರಲ್ಲ ಮೇಷ್ಟ್ರೆ," ಎಂದು ಹೇಳಿ ಬದು ಹಿಡಿದಳು. ಇನ್‌ಸ್ಪೆಕ್ಟರು ಹೊರಡಲಿಲ್ಲ. ಎತ್ತುಗಳಿಗೆ ನೀರು ಕುಡಿಸೆಂದು ಗಾಡಿಯವನಿಗೆ ಹೇಳಿ ಜಗಲಿಯ ಮೇಲೆ ಕೂತರು. ಈಗಷ್ಟೇ ಕೆರೆಯಲ್ಲಿ ಕುಡಿದು ಬಂದಿದ್ದ ಎತ್ತುಗಳು ನೀರಿನ ಬಾನಿಗೆ ಮೂತಿ ಹಾಕಲಿಲ್ಲ. ಕುಕ್ಕೆ ರಾಗಿ ಹೊಲದಾಚೆ ಮರೆಯಾದ ಮೇಲೆ ಅವರು ಗಾಡಿ ಹತ್ತಿದರು.

ಮರಿಯಯ್ಯ ಪುಸ್ತಕ ಹಿಡಿದು ಒಳಗೆ ಬಂದು, ಗೋಡೆಗೆ ಒರಗಿದ್ದ ಚೆಲುವಿಯ ಮುಂದೆ ನೆಲದ ಮೇಲೆ ಕೂತ. ಹೊಸ ಷರಾ ಬಿಡಿಸಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟ. ಇದೇನು ಎಂದು ಕೇಳಿದ.

ಹುಡುಗಿ ಅವನ ಮುಖ ನೋಡಿದಳು, ಎದ್ದು ನಿಂತು ಕೈಕಟ್ಟಿ ಒಪ್ಪಿಸಲು ಉಸಿರೆಳೆದುಕೊಂಡಳು. ಅವನು ಮೆಲ್ಲಗೆ ಅವಳ ಕೈ ಹಿಡಿದು ಕೂರಿಸಿದ.

"ಒಪ್ಪಿಸಬ್ಯಾಡ ಕಣವ್ವ. ಇದನ್ನ ನೋಡು. ಇದೊಂದನ್ನೇ."

ಚೆಲುವಿ ಬಗ್ಗಿ ನೋಡಿದಳು. ಒತ್ತಿ ಬರೆದ ಅಕ್ಷರ ಕಾಗದದಲ್ಲಿ ಅಚ್ಚಿಳಿದಿತ್ತು. ಎಷ್ಟೋ ಹೊತ್ತಾದ ಮೇಲೆ ತನ್ನ ಬೆರಳನ್ನು ಅವನ ಬೆರಳಿನ ಪಕ್ಕದಲ್ಲಿಟ್ಟು, "ಅ," ಎಂದಳು.