ಎಂಟರ ಜಾಗದಲ್ಲಿ ಏಳು

ವಿಧಾನಸಭೆಯಲ್ಲಿ ಗಂಟಲು ಹರಿದುಕೊಂಡು ಪಾಸು ಮಾಡಿದ ಮಸೂದೆಯನ್ನು ಕೊನೆಗೆ ಯಾರಾದರೂ ಕೂತು ಓದಬೇಕಲ್ಲ, ಆ ಕರ್ಮ ಮೂರನೆಯ ಮಹಡಿಯ ಇಬ್ಬರದು. ಒಬ್ಬರು ಅಲ್ಪವಿರಾಮವನ್ನೂ ಬಿಡದೆ ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬಳು ಕೆಂಪು ಪೆನ್ಸಿಲು ಹಿಡಿದು ಅಚ್ಚಿನ ಪ್ರತಿ ತಿದ್ದುತ್ತಾಳೆ. ಪ್ರತಿ ಕಲಮಿನ ಕೊನೆಗೂ ಅವಳು ಬಾಯಿಬಿಟ್ಟು 'ಸರಿ' ಅನ್ನಬೇಕು, ತಲೆಯಾಡಿಸಿದರೆ ನಡೆಯದು. ಓದುವ ಹಿರಿಯರು ಮನೆಯಲ್ಲಿ ದಿನಸಿ ಚೀಟಿಯನ್ನೂ ಪೂರ್ಣವಿರಾಮ ಸಮೇತ ಓದುತ್ತಾರೆಂದು ಕಚೇರಿಯೆಲ್ಲ ಗೇಲಿ ಮಾಡುತ್ತಿತ್ತು.

ಇವತ್ತಿನದು ಮೂತ್ರಪಿಂಡ ದಾನದ ಮಸೂದೆ. ಐದು ಗಂಟೆಗೆ ಅದು ಸಹಿಗೆ ಹೋಗಬೇಕು, ಉಳಿದದ್ದು ಅರ್ಧ ಗಂಟೆ.

ಹನ್ನೆರಡನೆಯ ಕಲಮು ಬಂತು. ಎಂಟನೆಯ ಕಲಮಿನಲ್ಲಿ ಹೇಳಿದ ಸಂಬಂಧಿಕರು ನೇರವಾಗಿ ದಾನ ಮಾಡಬಹುದು, ಉಳಿದವರೆಲ್ಲ ಸಮಿತಿಯ ಅನುಮತಿ ತರಬೇಕು. ಅವಳ ಪೆನ್ಸಿಲು ನಿಂತಿತು. ಸಭೆಯಲ್ಲಿ ಕೊನೆಗಳಿಗೆಯಲ್ಲಿ ಐದನೆಯ ಕಲಮನ್ನು ಕಿತ್ತುಹಾಕಿದ್ದರು, ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಸರಿದಿದ್ದವು. ತಾಯಿ, ತಂದೆ, ಒಡಹುಟ್ಟಿದವರು ಇರುವುದು ಈಗ ಏಳರಲ್ಲಿ. ಎಂಟರಲ್ಲಿ ಇರುವವರು ಮದುವೆಯಿಂದಾದ ನೆಂಟರು.

ಮೂತ್ರಪಿಂಡ ಕೆಟ್ಟು ಮಲಗಿದ ಅವಳ ಅಣ್ಣನಿಗೆ ಡಾಕ್ಟರು ಕೊಟ್ಟಿದ್ದು ನಾಲ್ಕು ತಿಂಗಳು. ಅವಳದು ಹೊಂದಲಿಲ್ಲ, ಅತ್ತಿಗೆಯದೂ ಹೊಂದಲಿಲ್ಲ. ಹೊಂದಿದ್ದು ಅತ್ತಿಗೆಯ ತಮ್ಮನದೊಂದೇ. ಸಮಿತಿ ಅನುಮತಿ ಕೊಡಲು ವರ್ಷ ಹಿಡಿಯುತ್ತದೆ. ಈ ಎಂಟು ಹೀಗೇ ಉಳಿದರೆ ಮುಂದಿನ ವಾರವೇ ಆಪರೇಷನ್. ತಪ್ಪು ಯಾರ ಕಣ್ಣಿಗಾದರೂ ಬಿದ್ದು ಸಭೆ ಮತ್ತೆ ಸೇರುವುದಕ್ಕೆ ಆರು ತಿಂಗಳು. ಅಷ್ಟರಲ್ಲಿ ಅಣ್ಣ ಎದ್ದು ಓಡಾಡುತ್ತಿರುತ್ತಾನೆ.

ಹಿರಿಯರು ಕನ್ನಡಕ ತೆಗೆದು ಒರೆಸತೊಡಗಿದರು. ಆಸ್ಪತ್ರೆಗೆ ಎರಡು ಸಲ ಬಂದು ಅಣ್ಣನನ್ನು ನೋಡಿದ್ದವರು, ಅವರಿಗೂ ಎಲ್ಲ ಗೊತ್ತಾಗಿತ್ತು.

"ನಾನು ಓದೋನು ಅಷ್ಟೇ ಕಣಮ್ಮ," ಎಂದರು. "ಹೇಳಬೇಕಾದವಳು ನೀನು."

ನಾಲಿಗೆಯ ತುದಿಗೆ 'ಸರಿ' ಬಂದಿತ್ತು. ಆದರೆ ಆ ಆರು ತಿಂಗಳಲ್ಲಿ ಮಗನಿಗೆ ಕೊಡಲು ಬಂದ ತಾಯಂದಿರನ್ನೆಲ್ಲ ಸಮಿತಿಯ ಬಾಗಿಲಿಗೆ ಅಟ್ಟುತ್ತಾರೆ. ಅವರ ಮಕ್ಕಳಿಗೂ ಯಾವನೋ ಡಾಕ್ಟರು ತಿಂಗಳು ಎಣಿಸಿ ಹೇಳಿರುತ್ತಾನೆ. ಅವಳಿಗೆ ತನ್ನ ಮೇಲೆ, ಸಭೆಯ ಮೇಲೆ, ಎದುರಿಗೆ ಸುಮ್ಮನೆ ಕೂತ ಮುದುಕನ ಮೇಲೆ ಕೆಟ್ಟ ಸಿಟ್ಟು ಬಂತು. ಎಂಟನ್ನು ಹೊಡೆದು ಏಳು ಬರೆದಳು. ಪೆನ್ಸಿಲಿನ ಮೊನೆ ಮುರಿಯಿತು.

ಹಿರಿಯರು ಏಳು ಸೇರಿಸಿ ಕಲಮನ್ನು ಮೊದಲಿಂದ ಓದಿ ಕಾದರು. ತಲೆಯಾಡಿಸಿದರೆ ನಡೆಯದು, ನಿಯಮ ನಿಯಮವೇ.

"ಸರಿ," ಎಂದಳು.

ಐದಕ್ಕೆ ಐದು ನಿಮಿಷವಿರುವಾಗ ಜವಾನ ಕಡತ ಒಯ್ದ. ಅವನ ಹಿಂದೆಯೇ ಅತ್ತಿಗೆಯ ಫೋನು ಬಂತು. ಮಸೂದೆ ಪಾಸಾಯಿತಂತೆ, ನಮ್ಮಂಥವರಿಗೆ ಅದರಲ್ಲಿ ಏನಾದರೂ ಇದೆಯೇ ಎಂದು ಆಸೆಯಿಂದ ಕೇಳಿದಳು.

"ಇತ್ತು ಅತ್ತಿಗೆ," ಎಂದಳು. "ನಾನೇ ತೆಗೆದುಬಿಟ್ಟೆ."