ಮಗ್ಗ ನಿಂತ ಮನೆ

ತಣ್ಣಗೆ, ಅಬ್ಬಬ್ಬಾ ಎಷ್ಟು ತಣ್ಣಗೆ ಈ ಸ್ಕ್ಯಾನಿಂಗಿನ ಜೆಲ್ಲು, ಹೊಟ್ಟೆಯ ಮೇಲೆ ಬಿದ್ದ ಕೂಡಲೇ ಮೈ ಜುಮ್ಮೆಂದು ಶೇವಂತಿ ಕಣ್ಣು ಮುಚ್ಚುತ್ತಾಳೆ, ಒಳಗೆ ಕೂಸೂ ಒದ್ದಿತು, ಒದಿ ಬಂಗಾರಾ, ಒದಿ, ಈಗ ನಿನ್ನ ಒದೆ ಗೊತ್ತಾಗುತ್ತದೆ — ಬನಹಟ್ಟಿಯ ಮನೆಯಲ್ಲಿ ಯಾರಿಗೆ ಗೊತ್ತಾಗುತ್ತಿತ್ತು, ಎರಡು ಮಗ್ಗ ಖಟಖಟ ಖಟಖಟ, ನೆಲ ನಡುಗುತ್ತದೆ, ಗೋಡೆ ನಡುಗುತ್ತದೆ, ಏಳನೇ ತಿಂಗಳಲ್ಲಿ ಹೊಟ್ಟೆ ಬಿಗಿದು ಬಿಗಿದು ಬಂದಾಗಲೂ ಮಗ್ಗದ ನಡುಕ ಅಂದುಕೊಂಡು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಕೂತಳಲ್ಲ, ಎಂಥ ಹುಚ್ಚಿ! ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಇದೇ ಡಾಕ್ಟರಮ್ಮ ಹೇಳಿರಲಿಲ್ಲವೇ, ಗರ್ಭಚೀಲದ ಬಾಯಿ ಗಿಡ್ಡ ಆಗೈತಿ ನೋಡವ್ವ, ದಿನ ತುಂಬೂಕಿಂತ ಮೊದಲ ಕೂಸು ಬಂದ್ರ ಉಳಿಯೂದು ಕಷ್ಟ, ಹೊಟ್ಟಿ ಬಿಗಿದ್ಹಂಗ ಆದ್ರ ತಡ ಮಾಡಬ್ಯಾಡ — ಹೇಳಿದ್ದು ಇವಳಿಗೆ, ನೆನಪಿಟ್ಟುಕೊಂಡದ್ದು ಅತ್ತೆ ದಾನಮ್ಮ, ಅದೂ ಮಷಿನ್ನ್ಯಾಗ ನೋಡಿ ಇವ್ರಿಗೇನ ತಿಳೀತೈತಿ ಎಂದು ಜಮಖಂಡಿಯಿಂದ ಬನಹಟ್ಟಿಯವರೆಗೂ ಬಸ್ಸಿನಲ್ಲಿ ಗೊಣಗಿದವಳು. ಹೊಟ್ಟೆ ಬಿಗಿದ ಅವತ್ತು ಇವಳ ಮುಖ ನೋಡಿದ್ದೇ ತಡ, ಅತ್ತೆ ಎರಡೂ ಮಗ್ಗ ಬಂದ್ ಮಾಡಿದಳು, ಕೆಂಪು ಸೀರೆ ಅರ್ಧಕ್ಕೆ, ಓಡುತ್ತಿದ್ದ ಲಾಳಿ ನೂಲಿನ ನಡುವೆಯೇ — ಗಂಡ ಪ್ರಭುಲಿಂಗ, ಯವ್ವಾ ಯಾಕ ಬಂದ್ ಮಾಡ್ದಿ ಎಂದ, ಸುಮ್ಮಕಿರಲೇ ಎಂದವಳೇ ಅತ್ತೆ ಇವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಮದುವೆಯಾಗಿ ಬಂದಂದಿನಿಂದ ಶೇವಂತಿ ಆ ಮನೆ ಹಾಗೆ ಸುಮ್ಮನಾದದ್ದನ್ನು ಕಂಡಿರಲಿಲ್ಲ, ನೆಲ ನಿಂತಿತು, ಗೋಡೆ ನಿಂತಿತು, ಹೊಟ್ಟೆಯ ಬಿಗಿತ ನಿಲ್ಲಲಿಲ್ಲ. ಅತ್ತೆ ಮಗನಿಗೆ ಕೂಗಿದಳು, ಮಗ್ಗ ನಿಂತೈತಿ, ಇದು ನಿಂತಿಲ್ಲಲೇ, ಗಾಡಿ ತರಸು!

ಆಮೇಲೆ ಆಸ್ಪತ್ರೆ, ಸಲೈನು, ಕೂಸಿನ ಉಸಿರು ಗಟ್ಟಿಯಾಗಲೆಂದು ಇಂಜೆಕ್ಷನ್ನು, ದೇವರು ದೊಡ್ಡವನು, ನೋವು ಇಳಿಯಿತು, ಮನೆಗೆ ಬಂದರೆ ಹಾಸಿಗೆ, ಅತ್ತೆಯ ಕೈಯ ಗಂಜಿ, ಪ್ರಭುಲಿಂಗ ರಬಕವಿಗೆ ಬೇರೆಯವರ ಮಗ್ಗಕ್ಕೆ ಹೋಗುತ್ತಾನೆ, ನಮ್ಮ ಮಗ್ಗ ಹಚ್ಚೂಣೇನ್ ಬೇ ಎಂದು ಅವನು ಕೇಳಿದರೆ ಅತ್ತೆ, ಮುಟ್ಟಬ್ಯಾಡ, ಕೂಸು ಬರೂತನ ನಮ್ಮನ್ಯಾಗ ಏನೂ ನಡಗಬಾರ್ದು — ಲಾಳಿಯ ಮೇಲೆ ಧೂಳು ಕೂತಿದೆ, ಒರೆಸಲೂ ಬಿಡುವುದಿಲ್ಲ, ಬಾಯಿ ಮಾತ್ರ ಬೈಯುವ ಬಾಯಿ, ಅತ್ತೀ, ಎಂಥ ಕೈರೀ ನಿಮ್ಮದು, ಹಡೆದವ್ವಗೂ ತಿಳೀತಿತ್ತೋ ಇಲ್ಲೋ, ಏನ ಹೇಳಲಿ ನಿಮಗ ನಾ. ದಿನ ತುಂಬ್ಯಾವವ್ವ ಎನ್ನುತ್ತಿದ್ದಾಳೆ ಈಗ ಡಾಕ್ಟರಮ್ಮ, ಕೂಸು ಛಲೋ ಬೆಳದೈತಿ, ಇನ್ನ ಯಾವಾಗ ಬಂದ್ರೂ ಅಂಜಿಕಿಲ್ಲ — ಬಾಗಿಲ ಹತ್ತಿರ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಅಳುತ್ತಾಳೆ, ಈ ಗಟ್ಟಿ ಹೆಂಗಸು ಅಳುತ್ತಾಳೆ, ಮಷಿನ್ನಿನಿಂದ ಕೂಸಿನ ಎದೆ ಖಟಖಟ ಖಟಖಟ, ಶೇವಂತಿಯ ಕಣ್ಣ ತುಂಬ ನೀರು, ನೀರಿನಲ್ಲಿ ಅರ್ಧ ನೇಯ್ದ ಕೆಂಪು ಸೀರೆ, ನೂಲಿನ ನಡುವೆ ಹಾಗೇ ಕಾಯುತ್ತ ನಿಂತ ಲಾಳಿ, ಕೂಸು ಬಂದ ಮೇಲೆ ಮತ್ತೆ ಓಡುವ ಆ ಲಾಳಿ —